ಗುಡ್ಡ ಎರಡು, ಸೂರ್ಯ ಒಂದು

(ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಡೆದ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣ.)



ನಾನು ಚಿತ್ರ ಕಲಾವಿದನಲ್ಲ. ಶಿಕ್ಷಣ ತಜ್ಞನೂ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಒಬ್ಬ ವರದಿಗಾರ. ಇಂಥ ಸಭೆಗಳಲ್ಲಿ ನನ್ನ ಜಾಗ ವೇದಿಕೆಯ ಎದುರಿನ ಮೊದಲ ಸಾಲು. ಬೇರೆಯವರು ಆಡಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಇವತ್ತು ನೀವು ನನ್ನನ್ನೇ ಮೈಕಿನ ಮುಂದೆ ನಿಲ್ಲಿಸಿದ್ದೀರಿ. ಒಂದರಿಂದ ಮೂರನೇ ತರಗತಿಯ ಮಕ್ಕಳಿಂದ ಚಿತ್ರ ಮತ್ತು ಕೈಕೆಲಸ ಮಾಡಿಸುವ ಬಗ್ಗೆ ಮಾತನಾಡಿ ಎಂದಿರಿ. ನಾನು ಒಪ್ಪಿಕೊಂಡದ್ದಕ್ಕೆ ಕಾರಣ, ಹಿಂದೆ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಯಲುಸೀಮೆಯ ಒಂದು ಶಾಲೆಯವರು ಚಿತ್ರಕಲಾ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಪತ್ರಿಕೆಯವನು ಬಂದರೆ ಸುದ್ದಿಯೂ ಬರುತ್ತದಲ್ಲ! ವಿಷಯ 'ನಮ್ಮ ಊರು'. ನಲವತ್ತು ಮಕ್ಕಳು ಬರೆದರು. ಮೂವತ್ತಕ್ಕೂ ಹೆಚ್ಚು ಹಾಳೆಗಳಲ್ಲಿ ಅದೇ ಎರಡು ಗುಡ್ಡ, ನಡುವೆ ಒಂದು ಸೂರ್ಯ, ಕೆಳಗೆ ಹರಿಯುವ ಹೊಳೆ, ಪಕ್ಕದಲ್ಲಿ ಗುಡಿಸಲು, ತೆಂಗಿನ ಮರ. ಆ ಊರಿನ ಸುತ್ತ ಹತ್ತು ಮೈಲಿ ಗುಡ್ಡವಿಲ್ಲ, ಹೊಳೆಯೂ ಇಲ್ಲ. ನಾನು ಅವುಗಳಲ್ಲೇ ಚೊಕ್ಕಟವಾಗಿದ್ದ ಒಂದನ್ನು ಆರಿಸಿ ಮೊದಲ ಬಹುಮಾನ ಕೊಟ್ಟೆ.

ಒಂದು ಹಾಳೆಯನ್ನು ಮಾತ್ರ ಕೆಟ್ಟುಹೋದದ್ದೆಂದು ಬದಿಗಿಟ್ಟಿದ್ದೆ. ಹಾಳೆ ಪೂರ್ತಿ ಕಪ್ಪು ಬಳಿದಿತ್ತು. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಹಳದಿ. ಸಮಾರಂಭ ಮುಗಿದ ಮೇಲೆ ಎರಡನೇ ತರಗತಿಯ ಹುಡುಗನೊಬ್ಬ ಆ ಹಾಳೆ ಕೇಳಿಕೊಂಡು ಬಂದ. "ಏನಪ್ಪಾ ಇದು?" ಎಂದೆ. "ಕರೆಂಟ್ ಹೋದಾಗ ನಮ್ಮೂರು ಹಿಂಗೇ ಇರ್ತದೆ ಸಾರ್. ಇದು ನಮ್ಮಜ್ಜಿ ಹಚ್ಚಿದ ದೀಪ" ಎಂದ. ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. 'ನಮ್ಮ ಊರು' ಬರೆಯಲು ಹೇಳಿದಾಗ ತನ್ನ ಊರನ್ನೇ ಬರೆದವನು ಅವನು. ಬಹುಮಾನ ಅಷ್ಟರಲ್ಲಿ ಹಂಚಿ ಆಗಿತ್ತು. ಮರುದಿನ ಪತ್ರಿಕೆಯಲ್ಲಿ ಬಂದ ಮೂರು ಸಾಲಿನ ಸುದ್ದಿಯಲ್ಲಿ ಅವನ ಹೆಸರಿರಲಿಲ್ಲ. ಆ ಸುದ್ದಿ ಬರೆದವನೂ ನಾನೇ.

ಇದು ನನ್ನೊಬ್ಬನ ತಪ್ಪೇ, ಅಥವಾ ನಮ್ಮೆಲ್ಲರ ಕಣ್ಣಿಗೇ ಅಂಟಿದ ಅಭ್ಯಾಸವೇ? ಗುಡ್ಡ ಕಾಣದ ಮಗುವಿಗೆ ಆ ಎರಡು ಗುಡ್ಡ ಎಲ್ಲಿಂದ ಬಂತು? ಈ ಪ್ರಶ್ನೆ ಹಿಡಿದು ಒಂದಿಷ್ಟು ಓದಿದೆ. ಓದಿದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಶಾಲೆಗಳಲ್ಲಿ 'ಡ್ರಾಯಿಂಗ್' ಎಂದರೆ ನೋಡಿ ಬರೆಯುವುದು. ಹಲಗೆಯ ಮೇಲೆ ಮೇಷ್ಟ್ರು ಬರೆದದ್ದನ್ನು ಮಕ್ಕಳು ಇಳಿಸಿಕೊಳ್ಳಬೇಕು. ಇದರ ಬೇರು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿದೆ. ಅಲ್ಲಿನ ಕಾರ್ಖಾನೆಗಳಿಗೆ ಬಟ್ಟೆ, ಪಿಂಗಾಣಿ, ಲೋಹದ ಸಾಮಾನುಗಳ ಮೇಲೆ ನಮೂನೆ ಬರೆಯುವವರು ಬೇಕಿದ್ದರು. ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್‌ನಲ್ಲಿ ರೂಪುಗೊಂಡ ಪಾಠಕ್ರಮದಲ್ಲಿ ಮೊದಲು ನೇರ ಗೆರೆ, ಆಮೇಲೆ ಬಾಗಿದ ಗೆರೆ, ಆಮೇಲೆ ಅಲಂಕಾರ, ಎಲ್ಲವೂ ಮಾದರಿ ನೋಡಿ ನಕಲು. ಅದೇ ಪದ್ಧತಿ ಬ್ರಿಟಿಷರ ಕಲಾಶಾಲೆಗಳ ಮೂಲಕ ನಮ್ಮಲ್ಲಿಗೂ ಬಂತು. ಕಾರ್ಖಾನೆಗೆ ಕೆಲಸಗಾರರನ್ನು ತಯಾರು ಮಾಡಲು ಅದು ಸರಿಯಿದ್ದೀತು. ಆರು ವರ್ಷದ ಮಗುವಿಗೆ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ಒಬ್ಬರು ಫ್ರಾಂಜ್ ಚಿಜೆಕ್. 1865ರಲ್ಲಿ ಬೊಹೀಮಿಯದಲ್ಲಿ ಹುಟ್ಟಿ, ಕಲೆ ಕಲಿಯಲು ವಿಯೆನ್ನಾ ನಗರಕ್ಕೆ ಬಂದವರು. ಅವರ ಬಾಡಿಗೆ ಕೋಣೆಯ ಕಿಟಕಿಯ ಎದುರು ಉದ್ದನೆಯ ಮರದ ಬೇಲಿಯೊಂದಿತ್ತು. ಬೀದಿಯ ಹುಡುಗರು ಅದರ ಮೇಲೆ ಗೀಚಲು ಜಗಳವಾಡುತ್ತಿದ್ದರು. ಯಾರೂ ಕಲಿಸದೆ, ಯಾರೂ ಹೇಳದೆ ಅವರು ಬರೆಯುತ್ತಿದ್ದ ಚಿತ್ರಗಳಲ್ಲಿ ಒಂದು ಕ್ರಮವಿದೆ ಎಂಬುದು ಚಿಜೆಕ್ ಕಣ್ಣಿಗೆ ಬಿತ್ತು. 1897ರಲ್ಲಿ ಅವರು ಮಕ್ಕಳಿಗೆಂದೇ ಕಲಾವರ್ಗ ತೆರೆದರು. ಅಲ್ಲಿ ನಕಲಿಗೆ ಮಾದರಿ ಇರಲಿಲ್ಲ. ಸಾಮಗ್ರಿ ಇತ್ತು, ಸಮಯ ಇತ್ತು. 1920ರಲ್ಲಿ ಆ ಮಕ್ಕಳ ಚಿತ್ರಗಳು ಲಂಡನ್ನಿನಲ್ಲಿ ಪ್ರದರ್ಶನಗೊಂಡಾಗ ಅಧ್ಯಾಪಕ ವಲಯ ಬೆರಗಾಯಿತು. ಮುಂದೆ ಅದೇ ವರ್ಗದ ಚಿತ್ರಗಳೂ ಒಂದರಂತೆ ಒಂದು ಕಾಣುತ್ತವೆ ಎಂಬ ಟೀಕೆ ಬಂದದ್ದೂ ನಿಜ. ಮಾದರಿಯನ್ನು ಹಲಗೆಯಿಂದ ಅಳಿಸಿದರೆ ಸಾಲದು, ಮೇಷ್ಟ್ರ ಮೆಚ್ಚುಗೆಯೂ ಒಂದು ಮಾದರಿಯೇ ಆಗಿಬಿಡುತ್ತದೆ. ಈ ಎಚ್ಚರಿಕೆ ನಮಗೂ ಬೇಕು.

ಮಗುವಿನ ಚಿತ್ರದ ಕ್ರಮ ಯಾವುದು ಎಂಬುದನ್ನು ವಿಸ್ತಾರವಾಗಿ ಬರೆದವರು ಆಸ್ಟ್ರಿಯದವರೇ ಆದ ವಿಕ್ಟರ್ ಲೋವೆನ್‌ಫೆಲ್ಡ್. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದ ಅವರ ಮುಖ್ಯ ಗ್ರಂಥ 1947ರಲ್ಲಿ ಬಂತು. ಅವರ ಪ್ರಕಾರ ಎರಡರಿಂದ ನಾಲ್ಕು ವರ್ಷದವರೆಗೆ ಗೀಚುವ ಹಂತ. ನಾಲ್ಕರಿಂದ ಏಳರವರೆಗೆ ಆಕಾರಗಳು ಮೂಡುವ ಹಂತ. ಒಂದು ದುಂಡು ತಲೆ, ಅದಕ್ಕೇ ಅಂಟಿದ ಎರಡು ಕಾಲು, ಹೊಟ್ಟೆಯೇ ಇಲ್ಲದ ಮನುಷ್ಯ! ಏಳರಿಂದ ಒಂಬತ್ತರವರೆಗೆ ಮಗು ತನ್ನದೇ ಸಂಕೇತಗಳನ್ನು ಕಟ್ಟಿಕೊಳ್ಳುತ್ತದೆ. ಹಾಳೆಯ ಕೆಳಗೆ ನೆಲದ ಗೆರೆ ಬರುತ್ತದೆ, ಎಲ್ಲರೂ ಅದರ ಮೇಲೆ ಸಾಲಾಗಿ ನಿಲ್ಲುತ್ತಾರೆ. ಮನೆಯ ಗೋಡೆಯೂ ಕಾಣುತ್ತದೆ, ಒಳಗೆ ಅಡುಗೆ ಮಾಡುವ ಅಮ್ಮನೂ ಕಾಣುತ್ತಾಳೆ. ಅಮ್ಮ ಮನೆಗಿಂತ ದೊಡ್ಡವಳಾಗಿರುವುದೂ ಉಂಟು. ನಾವು ಇದನ್ನು ನೋಡಿ ನಗುತ್ತೇವೆ, ತಿದ್ದುತ್ತೇವೆ. ಆದರೆ ಮಗು ಬರೆಯುವುದು ಕಣ್ಣಿಗೆ ಕಂಡದ್ದನ್ನಷ್ಟೇ ಅಲ್ಲ, ತನಗೆ ಗೊತ್ತಿರುವುದನ್ನು ಮತ್ತು ತನಗೆ ಮುಖ್ಯವಾದದ್ದನ್ನು. ಅಮ್ಮ ಮನೆಗಿಂತ ದೊಡ್ಡವಳು ಎಂಬುದು ತಪ್ಪು ಲೆಕ್ಕವೇ?

ಗೆರೆಗಳನ್ನು ಮೊದಲೇ ಅಚ್ಚು ಹಾಕಿ ಬಣ್ಣ ತುಂಬಲು ಕೊಡುವ ಪುಸ್ತಕಗಳನ್ನು ಲೋವೆನ್‌ಫೆಲ್ಡ್ ಬಲವಾಗಿ ವಿರೋಧಿಸಿದರು. ಪುಸ್ತಕದ ಹಕ್ಕಿಗೆ ಬಣ್ಣ ತುಂಬಿ ತುಂಬಿ ಮಗು ತನ್ನ ಹಕ್ಕಿಯನ್ನು ಮರೆಯುತ್ತದೆ, ತನಗೆ ಬರೆಯಲು ಬಾರದು ಎಂದು ನಂಬಿಬಿಡುತ್ತದೆ ಎಂಬುದು ಅವರ ಆತಂಕ. ನಮ್ಮ ಎರಡು ಗುಡ್ಡದ ಗುಟ್ಟೂ ಇದೇ. ಯಾರೋ ಒಬ್ಬರು ಬರೆದರು, ಚೆನ್ನಾಗಿದೆ ಎಂದೆವು. ಮಿಕ್ಕವರಿಗೆ ಅದೇ ದಾರಿಯಾಯಿತು.

ಇದೆಲ್ಲ ಹೊರದೇಶದ ಮಾತಾಯಿತು, ನಮ್ಮಲ್ಲಿ ಏನು ಎನ್ನುತ್ತೀರಾ? ರವೀಂದ್ರನಾಥ ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಹಾಡು, ನಾಟಕ, ಚಿತ್ರ ಎಲ್ಲವೂ ಪಾಠದ ಒಳಗೇ ಬಂದವು. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರವನ್ನು ದೇಶದ ಮುಂದಿಟ್ಟರು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಹಳ್ಳಿಯ ಮಕ್ಕಳ ಜೊತೆ ವರ್ಷಗಟ್ಟಲೆ ಚಿತ್ರ ಮತ್ತು ಕುಂಬಾರಿಕೆ ಕೆಲಸ ಮಾಡಿದರು, ಆ ಅನುಭವವನ್ನು ಪುಸ್ತಕವಾಗಿಸಿದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ನಡೆಸಿದರು. ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ಆರಂಭಿಸಿದ ಮಕ್ಕಳ ಚಿತ್ರಸ್ಪರ್ಧೆ ಮುಂದೆ ಅಂತರರಾಷ್ಟ್ರೀಯವಾಗಿ ಬೆಳೆಯಿತು.

ಇನ್ನೂ ಹತ್ತಿರಕ್ಕೆ ಬನ್ನಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ 'ನಲಿ-ಕಲಿ' ಪದ್ಧತಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಆ ಪದ್ಧತಿಯಲ್ಲಿ ಮಕ್ಕಳ ಕೆಲಸ ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ ಉಂಟು. ಮಕ್ಕಳ ಕೈಗೆ ಎಟಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪು ಹಲಗೆ ಉಂಟು. ಅಂದರೆ ಜಾಗ ಮಾಡಿಕೊಟ್ಟಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು ಹೇಳಿತು. 2020ರ ಶಿಕ್ಷಣ ನೀತಿಯೂ ಕಲೆಯನ್ನು ಇತರ ಪಾಠಗಳೊಡನೆ ಬೆಸೆಯಬೇಕು ಎಂದಿತು. ಕಾಗದದ ಮೇಲೆ ಕೊರತೆಯಿಲ್ಲ. ಉಳಿದಿರುವುದು ಚಪ್ಪರಕ್ಕೆ ಏನನ್ನು ತೂಗುಹಾಕುತ್ತೇವೆ ಎಂಬ ಪ್ರಶ್ನೆ.

"ಬಣ್ಣಕ್ಕೆ ದುಡ್ಡೆಲ್ಲಿದೆ ಸಾರ್?" ಎಂದು ಈಗಷ್ಟೇ ಒಬ್ಬ ಮೇಡಂ ಕೇಳಿದರು. ನ್ಯಾಯವಾದ ಪ್ರಶ್ನೆ. ಸಾಗರದ ಕಡೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ನೆನಪಿಸಿಕೊಳ್ಳಿ. ಕೆಮ್ಮಣ್ಣು ಬಳಿದ ಗೋಡೆ, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಂಗಡಿಯಿಂದ ತಂದದ್ದು ಏನೂ ಇಲ್ಲ. ನಮ್ಮ ಶಾಲೆಯಲ್ಲೂ ಹಾಗೆ ಮಾಡಬಹುದು. ಅಡುಗೆಮನೆಯ ಅರಿಶಿನ, ಬೀಟ್‌ರೂಟ್, ಒಲೆಯ ಇದ್ದಿಲು, ಇಟ್ಟಿಗೆ ಪುಡಿ, ಬಸಳೆ ಹಣ್ಣಿನ ನೇರಳೆ ರಸ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಆರತಿಯ ಓಕುಳಿ ಮಾಡುವ ತಾಯಂದಿರಿಗೆ ಇದು ಹೊಸದಲ್ಲ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಹಿಂಡಿ ನೋಡಿ, ನೇರಳೆಯಾಗುತ್ತದೆ. ಚಿತ್ರದ ಪಾಠದಲ್ಲೇ ವಿಜ್ಞಾನವೂ ಆಯಿತು. ಸುಣ್ಣವನ್ನು ಮಾತ್ರ ಶಿಕ್ಷಕರೇ ಬೆರೆಸಬೇಕು, ಮಕ್ಕಳ ಕಣ್ಣಿಗೆ ಬಿದ್ದರೆ ಅಪಾಯ.

ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವಿನಂಥ ಅಚ್ಚು ಬೀಳುತ್ತದೆ. ಅರಳಿ ಎಲೆಯ ಹಿಂಭಾಗಕ್ಕೆ ಬಣ್ಣ ಬಳಿದು ಒತ್ತಿದರೆ ನರನರವೂ ಮೂಡುತ್ತದೆ. ಕೆರೆಯ ಜೇಡಿಮಣ್ಣಿದ್ದರೆ ಎತ್ತು, ಒಲೆ, ಬಸ್ಸು, ಏನು ಬೇಕಾದರೂ ಮಾಡಬಹುದು. ಪೆನ್ಸಿಲ್ ಹಿಡಿಯಲು ತಿಣುಕುವ ಮಗುವಿನ ಬೆರಳಿಗೆ ಮಣ್ಣು ಕಲಸುವುದಕ್ಕಿಂತ ಒಳ್ಳೆಯ ವ್ಯಾಯಾಮ ಸಿಗುವುದು ಕಷ್ಟ. ಹಳೆಯ ಪತ್ರಿಕೆಗಳನ್ನು ನೀರಲ್ಲಿ ನೆನೆಸಿ, ರುಬ್ಬಿ, ಮೈದಾ ಅಂಟಿನೊಡನೆ ಕಲಸಿದರೆ ಮುಖವಾಡ ಆಗುತ್ತದೆ. ನಾನು ಬರೆದ ಸುದ್ದಿ ಮರುದಿನ ಕಡಲೆಕಾಯಿ ಪೊಟ್ಟಣವಾಗುವುದಕ್ಕಿಂತ ಒಂದು ಮಗುವಿನ ಹುಲಿಯ ಮುಖವಾಗಲಿ ಎಂಬುದು ನನ್ನ ಸ್ವಂತ ಆಸೆ.

ಪೋಷಕರಲ್ಲಿ ಒಂದು ಮಾತು. 'ಪ್ರಾಜೆಕ್ಟ್' ಎಂಬ ಪದ ಕೇಳಿದೊಡನೆ ನೀವು ಸ್ಟೇಷನರಿ ಅಂಗಡಿಗೆ ಓಡುತ್ತೀರಿ. ಥರ್ಮಾಕೋಲ್ ಬರುತ್ತದೆ, ಮಿನುಗುವ ಕಾಗದ ಬರುತ್ತದೆ. ಮಗು ಮಲಗಿದ ಮೇಲೆ ಅಮ್ಮನೋ ಅಣ್ಣನೋ ಮೊಬೈಲಿನಲ್ಲಿ ವಿಡಿಯೊ ನೋಡುತ್ತ ರಾತ್ರಿ ಹನ್ನೊಂದರವರೆಗೆ ಅಂಟಿಸುತ್ತಾರೆ. ಬೆಳಿಗ್ಗೆ ಮಗು ಅದನ್ನು ಹೊತ್ತು ತರುತ್ತದೆ ಅಷ್ಟೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೆಸರು ಅಮ್ಮನ ಕೈಗೆ, ಮೊಸರು ಮಗುವಿನ ಬಾಯಿಗೆ! ಮಗುವಿನ ಕೆಲಸ ಸೊಟ್ಟಗಿದ್ದರೂ ಮಗುವಿನದಾಗಿರಲಿ. ಅಂಗಿ ಕೊಳೆಯಾದರೆ ಗದರಬೇಡಿ, ಆ ದಿನ ಹಳೆಯ ಅಂಗಿ ಹಾಕಿ ಕಳಿಸಿ.

ಶಿಕ್ಷಕರಿಗೆ ಹೇಳುವಷ್ಟು ದೊಡ್ಡವನು ನಾನಲ್ಲ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವ ನಿಮ್ಮ ಕಷ್ಟ ನನಗೆ ಗೊತ್ತು. ಆದರೂ ನಾಲ್ಕು ಕೋರಿಕೆ. ಹಲಗೆಯ ಮೇಲೆ ಮಾದರಿ ಬರೆಯಬೇಡಿ, ಬದಲಿಗೆ ಮಾತನಾಡಿ. 'ಮಳೆ ಬಂದಾಗ ನಿಮ್ಮ ಮನೆಯಲ್ಲಿ ಏನಾಗುತ್ತದೆ?' ಎಂದು ಕೇಳಿ, ಐದು ಮಕ್ಕಳು ಉತ್ತರಿಸಲಿ, ಆಮೇಲೆ ಹಾಳೆ ಕೊಡಿ. ಸೋರುವ ಮನೆಯ ಮಗುವಿಗೂ ಮಾಳಿಗೆ ಮನೆಯ ಮಗುವಿಗೂ ಒಂದೇ ಮಳೆ ಬರುವುದಿಲ್ಲ. ಎರಡನೆಯದು, ಮಗುವಿನ ಚಿತ್ರದ ಮೇಲೆ ನಿಮ್ಮ ಪೆನ್ಸಿಲ್ ಇಳಿಸಬೇಡಿ. ಮೂರನೆಯದು, 'ಇದೇನು?' ಎಂದು ಕೇಳುವ ಬದಲು 'ಇದರ ಬಗ್ಗೆ ಹೇಳು' ಎನ್ನಿ. ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ ಹಾಳೆಯ ಕೆಳಗೆ ಬರೆಯಿರಿ. ತನ್ನ ಮಾತು ಅಕ್ಷರವಾಗುವುದನ್ನು ನೋಡಿದ ಮಗುವಿಗೆ ಓದುವ ಆಸೆ ತಾನಾಗಿ ಬರುತ್ತದೆ. ನಾಲ್ಕನೆಯದು, ಈ ವಯಸ್ಸಿಗೆ ಮೊದಲ, ಎರಡನೆಯ ಬಹುಮಾನ ಬೇಡ. ಎಲ್ಲ ಹಾಳೆಗಳೂ ಚಪ್ಪರಕ್ಕೆ ಏರಲಿ.

ಇದರಿಂದ ಎಲ್ಲರೂ ಚಿತ್ರಕಾರರಾಗುತ್ತಾರೆಯೇ? ಇಲ್ಲ. ಆಗಬೇಕಾಗಿಯೂ ಇಲ್ಲ. ಆದರೆ ತಾನು ಕಂಡದ್ದನ್ನು ತಾನು ಹೇಳಬಹುದು, ಅದನ್ನು ಕೇಳುವವರು ಇದ್ದಾರೆ ಎಂಬ ಧೈರ್ಯ ಏಳನೇ ವಯಸ್ಸಿನಲ್ಲಿ ಬಂದರೆ ಅದು ಮುಂದೆ ಗಣಿತದಲ್ಲೂ ಕೈಹಿಡಿಯುತ್ತದೆ, ಗ್ರಾಮಸಭೆಯಲ್ಲೂ ಕೈಹಿಡಿಯುತ್ತದೆ. ಎಲ್ಲರೂ ಬರೆದ ಗುಡ್ಡವನ್ನೇ ಬರೆಯಲು ಕಲಿತವರು ದೊಡ್ಡವರಾದ ಮೇಲೂ ಎಲ್ಲರೂ ಹೇಳಿದ್ದನ್ನೇ ಹೇಳುತ್ತಾರೆ. ವರದಿಗಾರನಾದ ನನಗೆ ಈ ಮಾತು ಹೆಚ್ಚು ತಾಗುತ್ತದೆ.

ಆ ಹುಡುಗ ಈಗ ಯಾವ ತರಗತಿಯಲ್ಲಿದ್ದಾನೋ ಗೊತ್ತಿಲ್ಲ. ಮತ್ತೆ ಬರೆದನೋ, ಅಥವಾ ಮುಂದಿನ ಸ್ಪರ್ಧೆಗೆ ಅವನೂ ಎರಡು ಗುಡ್ಡ ಕಲಿತುಕೊಂಡನೋ ಅದೂ ಗೊತ್ತಿಲ್ಲ. ಅವನು ಹಾಳೆ ಕೇಳಿಕೊಂಡು ಬಾರದೇ ಇದ್ದಿದ್ದರೆ ನನಗೆ ಏನೂ ಅನಿಸುತ್ತಲೇ ಇರಲಿಲ್ಲ. ಹಾಗೆ ಕೇಳಿಕೊಂಡು ಬಾರದ ಮಕ್ಕಳು ಎಷ್ಟು ಮಂದಿಯೋ!

ಮುಂದಿನ ತಿಂಗಳು ಇದೇ ಕೋಣೆಯಲ್ಲಿ ನಿಮ್ಮ ಮಕ್ಕಳ ಕೆಲಸದ ಪ್ರದರ್ಶನ ಇಡುವಿರೆಂದು ಮುಖ್ಯೋಪಾಧ್ಯಾಯರು ಹೇಳಿದರು. ನನ್ನನ್ನು ಖಂಡಿತ ಕರೆಯಿರಿ. ತೀರ್ಪುಗಾರನಾಗಿ ಮಾತ್ರ ಬೇಡ. ಪ್ರತಿ ಹಾಳೆಯ ಮುಂದೆ ಅದನ್ನು ಬರೆದ ಮಗುವನ್ನು ನಿಲ್ಲಿಸಿ, ನಾನು ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತೇನೆ. ನನ್ನ ಕಸುಬೂ ಅದೇ.