ತುತ್ತಿನ ಮೇರೆ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ದೊಡ್ಡವರ ವಿಷಯದಲ್ಲಿ ನಾವೆಲ್ಲರೂ ಒಪ್ಪಿಕೊಂಡಿದ್ದೇವೆ. ಪಂಕ್ತಿಯಲ್ಲಿ ಕುಳಿತ ಅತಿಥಿ ಎಲೆಗೆ ಕೈ ಅಡ್ಡ ಹಿಡಿದು ಸಾಕೆಂದರೆ ಬಡಿಸುವವರ ಸೌಟು ತಾನಾಗಿ ಹಿಂದೆ ಸರಿಯುತ್ತದೆ. ಎರಡು ವರ್ಷದ ಕಂದ ತುಟಿ ಬಿಗಿದು, ಮುಖ ತಿರುಗಿಸಿ ಅದೇ ಮಾತನ್ನು ಹೇಳಿದಾಗ ಮಾತ್ರ ನಮಗೆ ಕೇಳಿಸುವುದಿಲ್ಲ. ಕಾಗೆಯನ್ನು ತೋರಿಸಿ, ಗುಮ್ಮನನ್ನು ಕರೆದು, ಈಚೆಗಂತೂ ಮೊಬೈಲಿನ ಚಿತ್ರವನ್ನು ಕಣ್ಣಿಗೆ ಹಿಡಿದು, ಮಗುವನ್ನು ಮೈಮರೆಸಿ ಇನ್ನೊಂದು ತುತ್ತನ್ನು ಬಾಯೊಳಗಿಡುತ್ತೇವೆ. ಇದರ ಮೂಲದಲ್ಲಿರುವುದು ಪ್ರೇಮವೆಂಬುದು ನಿಸ್ಸಂದೇಹ. ಆದರೂ ಊಟದ ಹೊತ್ತಿಗೆ ಮೇರೆಗಳನ್ನು ಹಾಕುವುದಾದರೆ, ಮೊದಲನೆಯ ಮೇರೆ ಉಣಿಸುವ ಕೈಗೇ ಸಲ್ಲತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ.

ತಾಯಂದಿರ ಕಳವಳ ನಿಷ್ಕಾರಣವಾದುದಲ್ಲ. ಹುಟ್ಟಿದಾಗ 3 ಕಿಲೋ ತೂಗಿದ ಶಿಶು ವರ್ಷ ತುಂಬುವ ವೇಳೆಗೆ ಸುಮಾರು 9 ಕಿಲೋ ಆಗುತ್ತದೆ. ಎರಡನೆಯ ವರ್ಷದಲ್ಲಾದರೋ ಏರುವುದು ಎರಡು ಮೂರು ಕಿಲೋ ಮಾತ್ರ. ಬೆಳವಣಿಗೆಯ ವೇಗದೊಡನೆ ಹಸಿವೂ ತಗ್ಗುವುದು ಪ್ರಕೃತಿಸಹಜವಾದರೂ, ನಿನ್ನೆಯವರೆಗೆ ಬಟ್ಟಲನ್ನು ಬರಿದುಮಾಡುತ್ತಿದ್ದ ಕೂಸು ಇಂದು ನಾಲ್ಕು ತುತ್ತಿಗೇ ಎದ್ದುಹೋದರೆ ಮನೆಯೆಲ್ಲ ಗಾಬರಿಗೊಳ್ಳುತ್ತದೆ. ಮಗು ಸೊರಗಿದರೆ, ತೂಕ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ಲವಲವಿಕೆಯಿಂದ ಆಡುತ್ತಿರುವ ಮಗುವಿನ ಹಸಿವನ್ನು ನಂಬಬಹುದು.

ಈ ನಂಬಿಕೆಗೆ ಆಧಾರವುಂಟು. ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್, ಆಗಷ್ಟೇ ಮೊಲೆಬಿಟ್ಟ 15 ಶಿಶುಗಳ ಮುಂದೆ, 34 ಬಗೆಯ ಆಹಾರಗಳಿಂದ ಆಯ್ದವನ್ನು ಹೊತ್ತುಹೊತ್ತಿಗೆ ಇಡಿಸಿ, ಬೇಕಾದುದನ್ನು ಬೇಕಾದಷ್ಟು ತಿನ್ನಗೊಟ್ಟು, ಅದರ ಫಲವನ್ನು 1939ರಲ್ಲಿ ಪ್ರಕಟಿಸಿದರು. ದಾದಿಯರು ಚಮಚ ಹಿಡಿದು ಸುಮ್ಮನೆ ಕುಳಿತಿರಬೇಕು, ಮಗು ಬೆರಳು ತೋರಿದಾಗ ಮಾತ್ರ ಉಣಿಸಬೇಕು, ಒತ್ತಾಯವಿಲ್ಲ, ಹೊಗಳಿಕೆಯಿಲ್ಲ. ಒಂದು ಮಗು ಹಣ್ಣಿನ ರಸಕ್ಕೆ, ಇನ್ನೊಂದು ಮೊಟ್ಟೆಗೆ ಕೈಚಾಚಿತು. ಒಂದರ ಆಯ್ಕೆ ಮತ್ತೊಂದರಂತಿರಲಿಲ್ಲ, ಆದರೆ ಎಲ್ಲವೂ ಪುಷ್ಟವಾಗಿ ಬೆಳೆದವು. ಈ ಸ್ವಾತಂತ್ರ್ಯದ ಗುಟ್ಟು ಆಹಾರಗಳ ಪಟ್ಟಿಯಲ್ಲಿಯೇ ಇದೆಯೆಂದು ಡೇವಿಸರೇ ಹೇಳಿದ್ದಾರೆ: ಅದರಲ್ಲಿ ಸಕ್ಕರೆಯಿರಲಿಲ್ಲ, ಸಿಹಿತಿಂಡಿಯಿರಲಿಲ್ಲ. ಹಿರಿಯರು ಆಯ್ದುದರೊಳಗೆ ಕಿರಿಯರು ಆಯ್ದರು. ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರ ಹೊಣೆ, ತಿನ್ನುವುದೋ ಬಿಡುವುದೋ, ಎಷ್ಟು ಎಂಬುದು ಮಗುವಿನದೆಂದು, ಮುಂದೆ ಅದೇ ದೇಶದ ಆಹಾರತಜ್ಞೆ ಎಲಿನ್ ಸ್ಯಾಟರ್ ಈ ಹೊಣೆಯನ್ನು ವಿಭಾಗಿಸಿ ತಿಳಿಸಿದರು.

ನಮ್ಮ ಮನೆಗಳಲ್ಲಿ ಇದು ಅಸಾಧ್ಯವೇನಲ್ಲ. ಸಾರನ್ನವೋ ಮೊಸರನ್ನವೋ, ಮನೆಯವರು ಉಣ್ಣುವುದನ್ನೇ ಖಾರ ತಗ್ಗಿಸಿ, ಮಗುವನ್ನು ಒಂದೇ ಜಾಗದಲ್ಲಿ ಕೂರಿಸಿ, ಅದರ ಕೈಗೆ ನಿಲುಕುವಂತೆ ಬಡಿಸುವುದು. ಹೊಸ ಪಲ್ಯವನ್ನು ಚಿಟಿಕೆಯಷ್ಟು ತಟ್ಟೆಯ ಅಂಚಿಗಿಟ್ಟು, ಬಿಟ್ಟೆದ್ದರೆ ಮತ್ತೊಂದು ದಿನ ಮತ್ತೆ ಇಡುವುದು. ಹತ್ತು ಹದಿನೈದು ಸಲ ಕಂಡು ರುಚಿನೋಡಿದ ಮೇಲಷ್ಟೆ ಕೆಲವು ಮಕ್ಕಳು ಹೊಸ ರುಚಿಯನ್ನು ಒಪ್ಪುತ್ತವೆ. ಪಲ್ಯ ತಿಂದರೆ ಚಾಕೊಲೇಟು ಕೊಡುವೆನೆಂಬ ಆಮಿಷವಂತೂ ಬೇಡ. ಪಲ್ಯವೊಂದು ಶಿಕ್ಷೆ, ಚಾಕೊಲೇಟೊಂದು ಬಹುಮಾನವೆಂದು ಮಗು ಅಂದೇ ಗಣಿಸಿಬಿಡುತ್ತದೆ.

ಕಠಿನವಾದ ಗಳಿಗೆ ಬರುವುದು ಊಟವಾದ ಅರ್ಧ ಗಂಟೆಯ ಮೇಲೆ, ಬಿಸ್ಕತ್ತು ಬೇಕೆಂದು ಮಗು ಸೆರಗು ಹಿಡಿದಾಗ. ಗದರದೆ, ಅರ್ಧಕ್ಕೆ ಬಿಟ್ಟ ಅನ್ನದ ಮಾತೆತ್ತದೆ, “ಸಂಜೆ ಹಾಲಿನ ಜೊತೆ ಕೊಡ್ತೀನಿ, ಕಂದ” ಎಂದು ಎತ್ತಿಕೊಂಡು, ಅದು ಅತ್ತರೆ ಅಳು ತಣಿಯುವವರೆಗೆ ಜೊತೆಗಿರುವುದು ಆಗಿನ ಕೆಲಸ. ತಂದೆಯೂ ಅಜ್ಜಿಯೂ ಅದೇ ಮಾತನ್ನಾಡಬೇಕು. ಸಂಜೆ ಹಾಲಿನ ಹೊತ್ತಾದಾಗ, ಮಗು ಮರೆತಿದ್ದರೂ ಸರಿಯೆ, ಆ ಬಿಸ್ಕತ್ತನ್ನು ಕೊಡಲೇಬೇಕು.