ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಮೂರು ಕುರ್ಚಿಗಳು



ವಿಷಯಕ್ಕೆ ಹೋಗುವ ಮುಂಚೆ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಸಭೆಯಲ್ಲಿ ಬಿ.ಎಡ್. ಓದಿದವರು ಇದ್ದೇ ಇರುತ್ತೀರಿ. ಮೊದಲಿಯಾರ್ ಎಂದರೆ ನಿಮಗೆ 1952–53ರ ಮಾಧ್ಯಮಿಕ ಶಿಕ್ಷಣ ಆಯೋಗ ನೆನಪಾಗುತ್ತದೆ. ಅದು ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರದು. ನಾನು ಇವತ್ತು ಹೇಳಲು ಬಂದಿರುವುದು ಅವರ ಅವಳಿ ಸಹೋದರ ರಾಮಸ್ವಾಮಿ ಮೊದಲಿಯಾರರ ವಿಷಯ. ಇಬ್ಬರೂ 1887ರ ಅಕ್ಟೋಬರ್ 14ರಂದು ಕರ್ನೂಲಿನಲ್ಲಿ ಹುಟ್ಟಿದವರು. ಇಬ್ಬರಿಗೂ ‘ಸರ್’ ಪದವಿ ಬಂತು, ಇಬ್ಬರ ಹೆಸರಿನಲ್ಲೂ ಸರ್ಕಾರಿ ಸಮಿತಿಗಳಿವೆ. ಗೊಂದಲ ಆಗದಿದ್ದರೇ ಆಶ್ಚರ್ಯ.

ಸರ್ಕಾರಿ ಸೇವೆ, ವಿದೇಶಾಂಗ, ಉದ್ಯಮ ಈ ಮೂರರಲ್ಲೂ ಓಡಾಡುವವರನ್ನು ಈಗ ಹೊಸ ಕಾಲದವರೆಂದು ನೋಡುತ್ತೇವೆ. ಎಸ್. ಜೈಶಂಕರ್ ವಿದೇಶಾಂಗ ಕಾರ್ಯದರ್ಶಿಯಾಗಿ 2018ರ ಜನವರಿಯಲ್ಲಿ ನಿವೃತ್ತರಾದರು, ಅದೇ ವರ್ಷ ಟಾಟಾ ಸನ್ಸ್ ಸೇರಿದರು, 2019ರ ಮೇ ತಿಂಗಳಲ್ಲಿ ವಿದೇಶಾಂಗ ಸಚಿವರಾದರು. ಇಂಥ ದಾರಿಯನ್ನು ಏಳು ದಶಕಗಳ ಹಿಂದೆಯೇ ತುಳಿದವರು ರಾಮಸ್ವಾಮಿ ಮೊದಲಿಯಾರ್. ಆ ದಾರಿ ನಮ್ಮ ಬೆಂಗಳೂರು, ಮೈಸೂರುಗಳ ಮೂಲಕವೇ ಹಾದುಹೋಗಿತ್ತು.

ಅವರು ಐ.ಸಿ.ಎಸ್. ಅಧಿಕಾರಿಯಲ್ಲ. ಮದರಾಸಿನ ವಕೀಲರು, ಜಸ್ಟಿಸ್ ಪಕ್ಷದ ಮುಂದಾಳು, ಆ ಪಕ್ಷದ ಪತ್ರಿಕೆಯ ಸಂಪಾದಕರು, ಮದರಾಸು ನಗರದ ಮೇಯರ್. 1939ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ವಾಣಿಜ್ಯ ಖಾತೆಯ ಸದಸ್ಯರಾದರು. ಅಲ್ಲಿ ಅವರು ಮಾಡಿದ ಒಂದು ಕೆಲಸ ಇವತ್ತಿಗೂ ನಮ್ಮ ಕಣ್ಣೆದುರಿಗಿದೆ. ಯುದ್ಧದಿಂದಾಗಿ ಹೊರಗಿನ ಸರಕು ಬರುವುದು ಕಷ್ಟವಾದಾಗ, ಕೈಗಾರಿಕೆಗೆ ಬೇಕಾದ ಸಂಶೋಧನೆ ಇಲ್ಲೇ ನಡೆಯಲಿ ಎಂದು 1940ರಲ್ಲಿ ಒಂದು ಮಂಡಳಿ ರಚಿಸಿದರು. ಅಧ್ಯಕ್ಷರು ಇವರು, ನಿರ್ದೇಶಕರು ಶಾಂತಿ ಸ್ವರೂಪ ಭಟ್ನಾಗರ್. ಬರೀ ಮಂಡಳಿ ರಚಿಸಿದರೆ ಸಾಲದು, ದುಡ್ಡೂ ಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿಯಂತೆ ಐದು ವರ್ಷದ ನಿಧಿಗೆ 1941ರಲ್ಲಿ ಕೇಂದ್ರ ಶಾಸನಸಭೆಯ ಒಪ್ಪಿಗೆ ದೊರಕಿಸಿದರು. 1942ರಲ್ಲಿ ಅದೇ ಸಿ.ಎಸ್.ಐ.ಆರ್. ಆಯಿತು. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿರುವ ನಮ್ಮ ಸಿ.ಎಫ್.ಟಿ.ಆರ್.ಐ. ಆ ಮರದ್ದೇ ಒಂದು ಕೊಂಬೆ.

1942ರಲ್ಲಿ ಅವರನ್ನು ಲಂಡನ್ನಿಗೆ ಕರೆಸಿಕೊಂಡರು. ಚರ್ಚಿಲ್ಲರ ಯುದ್ಧ ಸಂಪುಟದಲ್ಲಿ ಭಾರತದ ಪ್ರತಿನಿಧಿಗಳು ಇಬ್ಬರು: ನವಾನಗರದ ಜಾಮ್ ಸಾಹೇಬರು ಮತ್ತು ಮೊದಲಿಯಾರ್. ಅದೇ ಆಗಸ್ಟಿನಲ್ಲಿ ಇಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ, ಗಾಂಧೀಜಿ ಸೆರೆಯಲ್ಲಿ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಆ ಮನುಷ್ಯನನ್ನು ನೋಡಬೇಕು. ಅವರನ್ನು ಬ್ರಿಟಿಷರ ಮನುಷ್ಯ ಎಂದು ಕರೆದುಬಿಡುವುದು ಸುಲಭ. ಕರೆದವರು ಬಹಳ ಜನ ಇದ್ದರು, ಅವರ ಮಾತಿಗೆ ಆಧಾರವೂ ಇತ್ತು.

1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ. ವಿಶ್ವಸಂಸ್ಥೆಯ ಸನ್ನದು ಬರೆಯಲು ಐವತ್ತು ರಾಷ್ಟ್ರಗಳು ಸೇರಿದ್ದವು. ಭಾರತ ಇನ್ನೂ ಸ್ವತಂತ್ರವಾಗಿರಲಿಲ್ಲ. ನಿಯೋಗದ ನಾಯಕ ಮೊದಲಿಯಾರ್, ನೇಮಿಸಿದ್ದು ಬ್ರಿಟಿಷ್ ಸರ್ಕಾರ. ಹೊರಗೆ ವಿಜಯಲಕ್ಷ್ಮಿ ಪಂಡಿತ್ ನಿಂತು, ಈ ನಿಯೋಗ ಭಾರತದ ಜನರ ಪ್ರತಿನಿಧಿಯಲ್ಲ ಎಂದು ಪತ್ರಕರ್ತರಿಗೆ ಹೇಳುತ್ತಿದ್ದರು. ಆಕೆ ಹೇಳಿದ್ದು ನಿಜ. ಆದರೆ ಒಳಗೆ ಆರ್ಥಿಕ, ಸಾಮಾಜಿಕ ಸಹಕಾರದ ಅಧ್ಯಾಯವನ್ನು ರೂಪಿಸಿದ ಸಮಿತಿಯ ಅಧ್ಯಕ್ಷತೆ ವಹಿಸಿ ಕೆಲಸ ಮುಗಿಸಿದ್ದು ಮೊದಲಿಯಾರ್, ಅದೂ ನಿಜ. ಜೂನ್ 26ರಂದು ಭಾರತದ ಪರವಾಗಿ ಸಹಿ ಹಾಕಿದರು. ಮರುವರ್ಷ ಜನವರಿಯಲ್ಲಿ ಲಂಡನ್ನಿನಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಮೊದಲ ಸಲ ಸೇರಿದಾಗ ಮೊದಲ ಅಧ್ಯಕ್ಷರಾಗಿ ಆಯ್ಕೆಯಾದದ್ದೂ ಇವರೇ. ಮಾನವ ಹಕ್ಕುಗಳ ಆಯೋಗ ರಚನೆಯಾದದ್ದು, ವಿಶ್ವ ಆರೋಗ್ಯ ಸಂಸ್ಥೆಗೆ ದಾರಿ ಮಾಡಿದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನ ಕರೆಯಲು ತೀರ್ಮಾನವಾದದ್ದು ಆ ಮೊದಲ ಅಧಿವೇಶನದಲ್ಲಿ.

ಮೂರು ಲೋಕಗಳನ್ನೂ ದಾಟುವಾಗ ಈ ಮನುಷ್ಯ ಜೊತೆಗೆ ಒಯ್ದದ್ದು ಏನು? ನನ್ನ ಪ್ರಕಾರ ಅದು ಅಧ್ಯಕ್ಷ ಪೀಠದಲ್ಲಿ ಕೂರುವ ವಿದ್ಯೆ. ಒಬ್ಬರಿಗೊಬ್ಬರು ಒಪ್ಪದವರನ್ನು ಒಂದು ಮೇಜಿನ ಸುತ್ತ ಕೂರಿಸಿ, ಮಾತಾಡಲು ಬಿಟ್ಟು, ಕೊನೆಗೆ ಎಲ್ಲರೂ ಸಹಿ ಹಾಕಬಹುದಾದ ಒಂದು ಕಾಗದ ಸಿದ್ಧಪಡಿಸುವುದು. ಇದನ್ನು ಪ್ರತಿಭೆ ಎಂದು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಭಾಷಣಕಾರನಿಗೆ ಪ್ರತಿಮೆ ನಿಲ್ಲಿಸುತ್ತೇವೆ. ಸಮಿತಿ ನಡೆಸಿದವನಿಗೆ ಹಾರ ಹಾಕಿ ಕಳಿಸುತ್ತೇವೆ.

ಈ ವಿದ್ಯೆ ಎಲ್ಲಿ ಕೈಕೊಟ್ಟಿತೆಂದರೆ, ನಮ್ಮ ಮೈಸೂರಿನಲ್ಲಿ. 1946ರಲ್ಲಿ ನ್ಯಾಪತಿ ಮಾಧವರಾಯರ ನಂತರ ಮೊದಲಿಯಾರ್ ದಿವಾನರಾಗಿ ಬಂದರು. 1947ರ ಆಗಸ್ಟಿನಲ್ಲಿ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಮಾತ್ರ ಬರಲಿಲ್ಲ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ಸಿನ ‘ಮೈಸೂರು ಚಲೋ’ ಚಳವಳಿ ಶುರುವಾಯಿತು. ‘ಆರ್ಕಾಟ್ ಬಾಯ್ಕಾಟ್’ ಎಂಬ ಕೂಗು ಊರೂರಿನಲ್ಲಿ ಎದ್ದಿತು. ಎಂಥ ಪ್ರಾಸ ನೋಡಿ! ಘೋಷಣೆ ಕಟ್ಟಿದ ಪುಣ್ಯಾತ್ಮನಿಗೆ ದಿವಾನರ ಮನೆತನದ ಹೆಸರೇ ಕೈಗೆ ಸಿಕ್ಕಿತ್ತು. ವಿದ್ಯಾರ್ಥಿಗಳು, ಗಿರಣಿ ಕಾರ್ಮಿಕರು, ಹಳ್ಳಿಗರು ಬೀದಿಗಿಳಿದರು. ಲಾಠಿ ಏಟಾಯಿತು, ಗೋಲಿಬಾರಾಯಿತು, ಜೈಲುಗಳು ತುಂಬಿದವು. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಜಗತ್ತಿನ ರಾಷ್ಟ್ರಗಳನ್ನು ಒಂದು ಕಾಗದಕ್ಕೆ ಒಪ್ಪಿಸಿದವರಿಗೆ ಸ್ವಂತ ಸಂಸ್ಥಾನದ ಕಾಂಗ್ರೆಸ್ಸನ್ನು ಸಕಾಲದಲ್ಲಿ ಒಪ್ಪಿಸಲಾಗಲಿಲ್ಲ. ರಾಜತಾಂತ್ರಿಕನ ಮೇಜಿನಲ್ಲಿ ಎದುರಿಗೆ ಕೂತವರು ಆಹ್ವಾನ ಪಡೆದೇ ಬಂದವರು. ಬೀದಿಯಲ್ಲಿದ್ದವರನ್ನು ಯಾರೂ ಆಹ್ವಾನಿಸಿರಲಿಲ್ಲ. ಅವರಿಗೆ ಮೇಜಿನಲ್ಲಿ ಕುರ್ಚಿ ಕೊಡಬೇಕೋ ಬೇಡವೋ ಎಂಬುದೇ ಜಗಳ. ಬೇರೆ ಬೇರೆ ಕ್ಷೇತ್ರಗಳಲ್ಲಿ ಸಲೀಸಾಗಿ ಓಡಾಡುವ ದೊಡ್ಡವರ ದೌರ್ಬಲ್ಯ ನನಗೆ ಇಲ್ಲಿಯೇ ಕಾಣುತ್ತದೆ. ದಿಲ್ಲಿಯಲ್ಲೂ ಲಂಡನ್ನಿನಲ್ಲೂ ಅವರಿಗೆ ಎದುರಾಗುವುದು ಒಂದೇ ಬಗೆಯ ಜನ.

ಇನ್ನೊಂದು ಸೋಜಿಗ ಕೇಳಿ. ‘ಬಾಯ್ಕಾಟ್’ ಆದ ಮರುವರ್ಷವೇ ನೆಹರೂ ಸರ್ಕಾರಕ್ಕೆ ಇವರೇ ಬೇಕಾದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಹೈದರಾಬಾದು ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಮಂಡಳಿ ಪ್ಯಾರಿಸ್ಸಿನಲ್ಲಿ 16ರಂದು ಸೇರಿದಾಗ ಭಾರತದ ಪರ ವಾದಿಸಿದವರು ಮೊದಲಿಯಾರ್. ಹೈದರಾಬಾದು ಸ್ವತಂತ್ರ ರಾಷ್ಟ್ರವೇ ಅಲ್ಲ, ಆದ್ದರಿಂದ ದೂರು ಕೊಡುವ ಅರ್ಹತೆ ಅದಕ್ಕಿಲ್ಲ ಎಂಬುದು ಅವರ ಮುಖ್ಯ ವಾದ. ಮರುದಿನವೇ ಹೈದರಾಬಾದು ಭಾರತದ ಸೇನೆಗೆ ಶರಣಾಯಿತು. ಕೆಲವೇ ದಿನಗಳಲ್ಲಿ ನಿಜಾಮರು ದೂರು ಹಿಂತೆಗೆದುಕೊಂಡರು. ಬೀದರ, ಕಲಬುರಗಿ, ರಾಯಚೂರುಗಳ ವಿಮೋಚನೆಯ ಕಥೆಯಲ್ಲಿ ಸೇನೆ ಬರುತ್ತದೆ, ಪಟೇಲರು ಬರುತ್ತಾರೆ, ಸ್ವಾಮಿ ರಮಾನಂದ ತೀರ್ಥರು ಬರುತ್ತಾರೆ. ಪ್ಯಾರಿಸ್ಸಿನ ಈ ವಾದ ಬರುವುದೇ ಇಲ್ಲ.

1949ರಲ್ಲಿ ದಿವಾನಗಿರಿಯೇ ಮುಗಿಯಿತು. ಮೈಸೂರಿನ ಕೊನೆಯ ದಿವಾನರು ಇವರು. ಆಗ ವಯಸ್ಸು ಅರವತ್ತೆರಡು. ಮೂರನೆಯ ಕುರ್ಚಿ ಆಮೇಲೆ ಬಂತು. ಮದರಾಸಿನಲ್ಲಿ ಸೈಕಲ್ ತಯಾರಿಸಿದ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯ ಅಧ್ಯಕ್ಷತೆ ವಹಿಸಿದರು. 1955ರಲ್ಲಿ ಐಸಿಐಸಿಐ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. ಇವತ್ತು ನಿಮ್ಮ ಮೊಬೈಲಿನಲ್ಲಿರುವ ಆ ಹೆಸರಿನ ಬ್ಯಾಂಕಿನ ಮೂಲ ಸಂಸ್ಥೆ ಅದು. ಖಾಸಗಿ ಕಾರ್ಖಾನೆಗಳಿಗೆ ದೀರ್ಘಾವಧಿ ಸಾಲ ಕೊಡುವುದು ಅದರ ಉದ್ದೇಶ. ಬಂಡವಾಳ 5 ಕೋಟಿ ರೂಪಾಯಿ, ಭಾರತೀಯರ ಜೊತೆ ಬ್ರಿಟಿಷ್, ಅಮೆರಿಕನ್ ಹೂಡಿಕೆದಾರರ ಪಾಲೂ ಸೇರಿ. ಭಾರತ ಸರ್ಕಾರದಿಂದ ಬಡ್ಡಿಯಿಲ್ಲದ 7.5 ಕೋಟಿ, ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲ. ದಿಲ್ಲಿಯ ಸಮಾಜವಾದಿ ಯೋಜನೆಗಾರರು, ಮುಂಬೈ ಉದ್ಯಮಿಗಳು, ವಾಷಿಂಗ್ಟನ್ನಿನ ಬ್ಯಾಂಕರುಗಳು ಮೂವರಿಗೂ ಪರಸ್ಪರ ಅನುಮಾನ. ಅಂಥ ಜಾಗಕ್ಕೆ ಈ ಮೂರೂ ಭಾಷೆ ಬಲ್ಲ ಒಬ್ಬ ಅಧ್ಯಕ್ಷ ಬೇಕಿತ್ತು.

ಆಮೇಲೂ ಸರ್ಕಾರ ಅವರನ್ನು ಬಿಡಲಿಲ್ಲ. ಸರ್ಕಾರಿ ನೌಕರಿಗೆ ಪದವಿ ಬೇಕೇ ಎಂದು ಪರಿಶೀಲಿಸಿ 1956ರಲ್ಲಿ ವರದಿ ಕೊಟ್ಟ ಸಮಿತಿ, 1962ರ ಆಮದು–ರಫ್ತು ನೀತಿ ಸಮಿತಿ, ಎರಡಕ್ಕೂ ಅವರೇ ಅಧ್ಯಕ್ಷರು. ಕಂಪನಿಯಲ್ಲಿದ್ದವರೇ ಆಮದು ನೀತಿ ಹೇಳಬಹುದೇ ಎಂಬ ಪ್ರಶ್ನೆಯನ್ನು ನಾವು ಈಗ ಕೇಳುತ್ತೇವೆ. ನಿವೃತ್ತ ಅಧಿಕಾರಿ ಖಾಸಗಿ ಕೆಲಸಕ್ಕೆ ಸೇರಬೇಕಾದರೆ ಕಾಯಬೇಕು, ಇಲ್ಲವೇ ಅನುಮತಿ ಪಡೆಯಬೇಕು ಎಂಬ ನಿಯಮ ಇರುವುದು ಇದೇ ಅನುಮಾನಕ್ಕೆ. ನಿಯಮ ಬೇಕು ಎಂಬ ಪಕ್ಷ ನನ್ನದು, ಮೊದಲಿಯಾರರಂಥವರಿಗೂ ಬೇಕು. ಒಳ್ಳೆಯವರೆಂದು ವಿನಾಯಿತಿ ಕೊಡುತ್ತಾ ಹೋದರೆ ವಿನಾಯಿತಿಯೇ ನಿಯಮವಾಗುತ್ತದೆ.

ಅವರು 1976ರ ಜುಲೈನಲ್ಲಿ ತೀರಿಕೊಂಡರು. ಅದಕ್ಕೆ ಆರು ವರ್ಷ ಮುಂಚೆ ಪದ್ಮವಿಭೂಷಣ ಬಂದಿತ್ತು.

ಇಲ್ಲಿರುವ ಇತಿಹಾಸದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಭದ್ರತಾ ಮಂಡಳಿಯ 1948ರ ಸೆಪ್ಟೆಂಬರ್ ಕಲಾಪಗಳು ಮುದ್ರಣದಲ್ಲಿವೆ. ‘ಮೈಸೂರು ಚಲೋ’ದಲ್ಲಿ ಜೈಲಿಗೆ ಹೋದವರ ನೆನಪಿನ ಬರಹಗಳು ಕನ್ನಡದಲ್ಲಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ, ಈ ದಿವಾನರ ಬಗ್ಗೆ ಒಂದು ಸರಿಯಾದ ಜೀವನಚರಿತ್ರೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯಿರಿ.