ವಾಡೆ ಬೀಳಿಸೋಕೆ ಒಂದು ದಿನ ಸಾಕು



ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಎರಡೂ ವಿಲೀನವಾದವು. ಅರಮನೆಗಳ ಹೆಸರೇನೋ ಉಳೀತು. ಆದರೆ ಆ ಕಾಲದ ವಾಡೆಗಳ ಗತಿ? ಹಳೇ ಓಣಿಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ದೊಡ್ಡ ಬಾಗಿಲಿಗೆ ಬೀಗ, ಮಣ್ಣಿನ ಮಾಳಿಗೆ ಮೇಲೆ ಹುಲ್ಲು, ಪಡಸಾಲೆಯಲ್ಲಿ ಮುರಿದುಬಿದ್ದ ಜಂತಿ. ಪಾಲುದಾರರು ಪುಣೆಯಲ್ಲಿ, ಬೆಂಗಳೂರಲ್ಲಿ. ಕೊನೆಗೊಂದು ದಿನ ಕಂಬ, ಬಾಗಿಲು ಮಾರಾಟ. ಮರುದಿನ ಜೆಸಿಬಿ.

ಹಾಳುಬಿದ್ದ ಕಟ್ಟಡದಲ್ಲಿ ಈಗಿನ ಕಾಲದ ಸಂಸಾರ ಸಾಧ್ಯನಾ? ಪಕ್ಕದ ವಿಜಯಪುರವನ್ನೇ ನೋಡಿ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಅಲ್ಲಿಗೆ ಹೋಯ್ತು. ಆದಿಲ್‌ಶಾಹಿ ಅರಮನೆಗಳು ಪಾಳುಬಿದ್ದಿದ್ದವು. ಬ್ರಿಟಿಷರು ಅದಾಲತ್ ಮಹಲನ್ನು ರಿಪೇರಿ ಮಾಡಿ ಕಲೆಕ್ಟರ್ ಮನೆ ಮಾಡಿಕೊಂಡರು. ಆದರೆ ಒಂದು ಮಸೀದಿಯನ್ನೂ ಬಿಡದೆ ಪ್ರವಾಸಿ ಬಂಗಲೆ ಮಾಡಿದ್ರು. ಅದು ತಪ್ಪು ಅಂತ ತೆರವು ಮಾಡಿಸಿದ್ದು ವೈಸ್‌ರಾಯ್ ಕರ್ಜನ್. ಸ್ಮಾರಕ ರಕ್ಷಣೆಯ ಕಾಯ್ದೆ ಬಂದಿದ್ದೂ ಅವನ ಕಾಲದಲ್ಲೇ, 1904ರಲ್ಲಿ.

ಅಂದ್ರೆ ಎಲ್ಲ ಪಾಳುಗೋಡೆಯೂ ಮನೆಯಾಗಬಾರದು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಿದ್ದರೆ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಅದನ್ನು ಮೊದಲು ವಿಚಾರಿಸಿಕೊಳ್ಳಿ. ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ನಿಮ್ಮ ಅಜ್ಜನ ವಾಡೆಯನ್ನು ಕಾಯೋರು ಯಾರು? ನೀವೇ.

ನಾನು ಓದಿದ್ದು ಎಂಜಿನಿಯರಿಂಗ್. ಕ್ಲಾಸಿನಲ್ಲಿ ಕಾಂಕ್ರೀಟ್ ಬಗ್ಗೆ ಕಲಿತಷ್ಟು ಸುಣ್ಣದ ಗಾರೆ ಬಗ್ಗೆ ಕಲಿಯಲಿಲ್ಲ. ಆದರೆ ಇಲ್ಲಿ ಬೇಕಾಗಿರೋದು ಅದೇ. ಹಳೇ ಗೋಡೆಗೆ ಸಿಮೆಂಟ್ ಬಳಿದ್ರೆ ಒಳಗಿನ ತೇವ ಒಳಗೇ ಉಳಿಯುತ್ತೆ, ಕಲ್ಲಿನ ನಡುವಿನ ಮಣ್ಣು ಸಡಿಲವಾಗುತ್ತೆ. ಸುಣ್ಣದ ಗಾರೆಯಾದ್ರೆ ತೇವ ಆರಿಹೋಗುತ್ತೆ. ಗೋಡೆಯ ಬಲ ಪರೀಕ್ಷಿಸದೆ ಅದರ ಮೇಲೆ ಸ್ಲ್ಯಾಬ್ ಹೇರಬೇಡಿ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಹಾಗಾಗಿ ಮಾಳಿಗೆಯ ನೀರು ಬುನಾದಿಗೆ ಇಳಿಯದಂತೆ ದೂರ ಸಾಗಿಸಿ. ಬಚ್ಚಲು, ಶೌಚಾಲಯವನ್ನು ಹಳೇ ಗೋಡೆಗೆ ತಾಗಿಸದೆ ಹಿತ್ತಲಲ್ಲಿ ಹೊಸದಾಗಿ ಕಟ್ಟಿ. ಕರೆಂಟು, ಫ್ಯಾನು, ಇಂಟರ್ನೆಟ್ ಎಲ್ಲಕ್ಕೂ ಆ ಮನೆಯಲ್ಲಿ ಜಾಗ ಇದೆ.

ಖರ್ಚಾಗುತ್ತೆ, ನಿಜ. ಒಮ್ಮೆಗೇ ಆಗದಿದ್ರೆ ಈ ವರ್ಷ ಮಾಳಿಗೆ ಸೋರೋದನ್ನಾದರೂ ನಿಲ್ಲಿಸಿ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳನ್ನು ನೋಡಿ. ಮಗ್ಗವೂ ಅಲ್ಲೇ, ಸಂಸಾರವೂ ಅಲ್ಲೇ. ದಿನಾ ಜನ ಓಡಾಡೋ ಮನೆಯಲ್ಲಿ ಸೋರಿಕೆ ಅವತ್ತೇ ಕಣ್ಣಿಗೆ ಬೀಳುತ್ತೆ. ಬೀಗ ಹಾಕಿದ ಮನೆಯಲ್ಲಿ ಗೋಡೆ ಬಿದ್ದಮೇಲೇ ಗೊತ್ತಾಗೋದು.

ಬೀಳಗಿ ತಾಲ್ಲೂಕಿನ ಹಳ್ಳಿಗಳನ್ನು ಆಲಮಟ್ಟಿ ಹಿನ್ನೀರು ನುಂಗಿತು. ಆ ಜನಕ್ಕೆ ತಮ್ಮ ಮನೆ ಉಳಿಸಿಕೊಳ್ಳೋ ದಾರಿಯೇ ಇರಲಿಲ್ಲ. ನಿಮಗೆ ಇದೆ. ಜೆಸಿಬಿಗೆ ಫೋನ್ ಮಾಡೋ ಮುಂಚೆ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಒಂದು ಸಂಜೆ ಆ ಕಟ್ಟೆ ಮೇಲೆ ಕೂತು ಮಾತಾಡಿ.